ಬಕ್ಕಪ್ಪ ಉಗುಳಿದ ಬೆಲ್ಲ

ದ್ರೌಪತಿಬಾಯಿಗೆ ಆ ಎಲೆಯನ್ನು ತೋರಿಸಿಕೊಟ್ಟವಳು ತಾಯಿ ಅಂಬುಬಾಯಿ. ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಬದ್ರುದ್ದೀನ್ ಎಂಬ ಯುನಾನಿ ಹಕೀಮನ ದವಾಖಾನೆ ಇತ್ತು. ಹೊಲದಲ್ಲಿ ಕೂಲಿ ಇಲ್ಲದ ದಿನಗಳಲ್ಲಿ ಅಂಬುಬಾಯಿ ಊರ ಸುತ್ತಲಿನ ಕುರುಚಲು ಗುಡ್ಡಗಳನ್ನು ಹತ್ತಿ ಅವನಿಗೆ ಬೇಕಾದ ನಾರು ಬೇರು ತಂದು ಹಾಕುತ್ತಿದ್ದಳು. ಸಕ್ಕರೆ ಬೇನೆಯವರಿಗಾಗಿ ಅವನು ಕೇಳುತ್ತಿದ್ದ ಸಾಮಾನು ಬಹಳ ಇರಲಿಲ್ಲ. ನೇರಳೆ ಬೀಜ, ಬೇವಿನ ತೊಗಟೆ, ಕಾಡು ಹಾಗಲ, ಮಳೆಗಾಲ ಮುಗಿಯುವಾಗ ಮುದಿ ಹುಣಸೆ ಮರದ ಬೊಡ್ಡೆಗೆ ಕಿವಿಯಂತೆ ಅಂಟಿಕೊಳ್ಳುವ ಒಂದು ಗಟ್ಟಿ ಅಣಬೆ, ಮತ್ತು ಬೇಲಿಗಳ ಮೇಲೆ ಹಬ್ಬುವ ಒಂದು ಬಳ್ಳಿಯ ಎಲೆ. ಪುಸ್ತಕದವರು ಅದನ್ನು ಮಧುನಾಶಿನಿ ಎನ್ನುತ್ತಾರೆ. ಹಕೀಮ ಗುಡಮಾರ ಎನ್ನುತ್ತಿದ್ದ, ಬೆಲ್ಲವನ್ನು ಕೊಲ್ಲುವುದು ಎಂದು ಅದರ ಅರ್ಥ. ತಾಯಿ ಮಗಳು ಬರೀ ಎಲೆ ಎನ್ನುತ್ತಿದ್ದರು.

ಉಳಿದವನ್ನೆಲ್ಲ ಕಣ್ಣಿನಿಂದ ಗುರುತಿಸಬಹುದು. ಈ ಎಲೆಗೆ ಮಾತ್ರ ನಾಲಿಗೆ ಬೇಕು, ಏಕೆಂದರೆ ಅದೇ ಬೇಲಿಯಲ್ಲಿ ಅದರಂತೆಯೇ ಕಾಣುವ ಬೇರೆ ಬಳ್ಳಿಗಳಿರುತ್ತವೆ. ಅಗಿದು ನುಂಗಿ, ಮೇಲೆ ಒಂದು ಚೂರು ಬೆಲ್ಲ ಇಟ್ಟುಕೊಳ್ಳಬೇಕು. ಬೆಲ್ಲ ಬಾಯಲ್ಲಿ ಮಣ್ಣಾದರೆ ಎಲೆ ಸರಿ. ಯಾವ ಬೆಲ್ಲದಲ್ಲೂ ಕೊಂಚ ಉಪ್ಪು ಇದ್ದೇ ಇರುತ್ತದೆ. ಸಿಹಿ ಅದನ್ನು ಮುಚ್ಚಿರುತ್ತದೆ. ಎಲೆ ಸಿಹಿಯನ್ನು ಒರೆಸಿ ಹಾಕಿದ ಮೇಲೆ ನಾಲಿಗೆಗೆ ಸಿಗುವುದು ಉಪ್ಪು ಮತ್ತು ಮಣ್ಣು. ಚಿಕ್ಕಂದಿನಲ್ಲಿ ದ್ರೌಪತಿ ಅದನ್ನು ಮೊದಲ ಸಲ ನೋಡಿ ಅತ್ತಿದ್ದಳಂತೆ, ಬೆಲ್ಲ ಇನ್ನು ಎಂದೂ ಸಿಹಿಯಾಗುವುದಿಲ್ಲ ಎಂದು. ಹಕೀಮ ನಕ್ಕಿದ್ದ.

"ನಾಲಿಗಿ ಮ್ಯಾಲಿನ ಆಟ ಒಂದ್ ತಾಸಿಂದು, ಬೇಟಿ. ಖೂನಿನಾಗ, ರಕ್ತದಾಗ, ಅದು ಮಾಡೋ ಕೆಲಸ ಬ್ಯಾರೆ. ಅದು ಸಾವಕಾಶ, ದಿನಾ ತಿಂದ್ರ ಮಾತ್ರ."

1956ರಲ್ಲಿ, ಬೀದರ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ದ್ರೌಪತಿ ಮದುವೆಯಾಗಿ ಹುಮನಾಬಾದ ಹತ್ತಿರದ ಹುಡಗಿಗೆ ಬಂದಳು. ಊರ ಹೊರಗಿನ ಅವರ ಓಣಿಯ ಮನೆಗಳಲ್ಲಿ ಹಳೆಯ ದೇವರುಗಳ ಜಗಲಿ ಖಾಲಿಯಾಗಿ ಬುದ್ಧನ ಪಟ ಏರತೊಡಗಿದ್ದ ಕಾಲ ಅದು. ಗಂಡ ದೇವಿದಾಸ ಕಡಿಮೆ ಮಾತಿನವನು. ಅವನ ಅಪ್ಪ ಕೌಲಿಗೆ ಉಳುತ್ತಿದ್ದ ಎರಡು ಎಕರೆ ಹೊಸ ಗೇಣಿ ಕಾಯ್ದೆಯಿಂದ ಮನೆಯ ಹೆಸರಿಗೆ ಬಂದಿತ್ತು. ಹಳ್ಳದ ದಂಡೆಯ ಹೊಲ. ಆ ಓಣಿಯಲ್ಲಿ ಸ್ವಂತ ಹೊಲ ಇದ್ದ ಮನೆಗಳು ಬೆರಳೆಣಿಕೆಯವು. ದ್ರೌಪತಿ ತವರಿನಿಂದ ಬಳ್ಳಿಯ ತುಂಡೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಬದುವಿನ ಕಾರೆ ಗಿಡದ ಬುಡಕ್ಕೆ ಊರಿದಳು. ಅದು ಹಿಡಿಯಿತು.

ಹುಮನಾಬಾದಿನ ಬೆಲ್ಲದ ಪೇಟೆಯಲ್ಲಿ ಆ ದಿನಗಳಲ್ಲಿ, ರೈತರ ಮಾಲು ಮಾರಿಸಿ ದಲಾಲಿ ಹಿಡಿಯುವ ಮಹಾರುದ್ರಪ್ಪನ ಅಡತಿ ಅಂಗಡಿ ದೊಡ್ಡದು. ಅಲ್ಲಿ ಬಕ್ಕಪ್ಪನಿಗೆ ಇದ್ದದ್ದು ಒಂದೇ ಕೆಲಸ, ಬಂದ ಬೆಲ್ಲವನ್ನು ತಿಂದು ನೋಡಿ ದರ್ಜೆ ಹೇಳುವುದು. ಗಾಡಿಯಿಂದ ಇಳಿಸಿದ ಪೆಂಟೆಯ, ಬೆಲ್ಲದ ದೊಡ್ಡ ಅಚ್ಚಿನ, ಅಂಚನ್ನು ಸಣ್ಣ ಉಳಿಯಿಂದ ಎಬ್ಬಿಸಿ, ಚೂರನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಮುರಿದು, ಬಾಯಿಗೆ ಹಾಕಿಕೊಳ್ಳುತ್ತಿದ್ದ. ಒಂದನೇ ನಂಬರ್, ಎರಡನೇ ನಂಬರ್, ಇಲ್ಲವೇ ಸವಳು. ಸವಳು ಎಂದರೆ ಉಪ್ಪು ನೆಲದ ಕಬ್ಬಿನದು. ಅದು ದನದ ಮೇವಿಗೆ ಇಲ್ಲವೇ ಸಾರಾಯಿ ಭಟ್ಟಿಗೆ ಹೋಗಬೇಕು. ಅವನು ಹೇಳಿದ್ದನ್ನು ಕಲಬುರ್ಗಿಯ ಖರೀದಿದಾರರೂ ಲಾತೂರಿನವರೂ ಮರುಮಾತಿಲ್ಲದೆ ಒಪ್ಪುತ್ತಿದ್ದರು.

ಅವನಿಗೊಂದು ನೇಮವಿತ್ತು. ರುಚಿ ನೋಡಿದ ಬೆಲ್ಲವನ್ನು ಉಗುಳುತ್ತಿರಲಿಲ್ಲ. ಬೇರೆ ಅಂಗಡಿಗಳಲ್ಲಿ ಈ ಕೆಲಸ ಮಾಡುವವರು ಉಗುಳಿ ಬಾಯಿ ಮುಕ್ಕಳಿಸುತ್ತಿದ್ದರು. ಬೆಳೆದವನು ಎದುರಿಗೆ ನಿಂತಿರುವಾಗ ಅವನ ಬೆಲ್ಲ ಉಗುಳುವುದು ಅವನ ಮೋರೆಗೆ ಉಗುಳಿದಂತೆ ಎಂಬುದು ಬಕ್ಕಪ್ಪನ ಲೆಕ್ಕ. ಸವಳು ಎಂದು ಹೇಳಬೇಕಾದ ಬೆಲ್ಲವನ್ನೂ ನುಂಗಿಯೇ ಹೇಳುತ್ತಿದ್ದ. ರೈತರು ಗಾಡಿ ಹೊಡೆದುಕೊಂಡು ಅವನಿದ್ದ ಅಂಗಡಿಗೇ ಬರಲು ಇದೂ ಒಂದು ಕಾರಣ. ಕಬ್ಬಿನ ಹಂಗಾಮಿನ ಉದ್ದಕ್ಕೂ ಬೆಳಗಿನಿಂದ ಮಧ್ಯಾಹ್ನದವರೆಗೆ ಅವನ ಹೊಟ್ಟೆಗೆ ಬೆಲ್ಲ ಇಳಿಯುತ್ತಲೇ ಇತ್ತು.

ಐವತ್ತು ಹತ್ತಿರವಾಗುವಾಗ ಅವನಿಗೆ ಸಕ್ಕರೆ ಬೇನೆ ಇದೆ ಎಂದು ಬೀದರದ ಒಬ್ಬ ಡಾಕ್ಟರು ಹೇಳಿದರು. ಗುಳಿಗೆ ಬರೆದುಕೊಟ್ಟರು, ಸಿಹಿ ಬಿಡಬೇಕೆಂದರು. ಗುಳಿಗೆಯನ್ನು ಹುಮನಾಬಾದಿನಲ್ಲಿ ಕೊಂಡರೆ ಸಂಜೆಯೊಳಗೆ ಪೇಟೆಗೆ ಗೊತ್ತಾಗುತ್ತದೆ. ಸಕ್ಕರೆ ಬೇನೆಯವನ ಕೈಗೆ ಬೆಲ್ಲ ಯಾರು ಕೊಡುತ್ತಾರೆ? ನಾಲಿಗೆ ಬಿಟ್ಟರೆ ಅವನಿಗೆ ಬೇರೆ ಬದುಕು ಇರಲಿಲ್ಲ. ಅವನು ಬಸವಕಲ್ಯಾಣಕ್ಕೆ, ಯಾರೂ ಗುರುತು ಹಿಡಿಯದ ಓಣಿಗೆ ಹೋದ. ಬದ್ರುದ್ದೀನ್ ಅವನ ಊರು ಕೇಳಿ ಹೇಳಿದ. "ಇಷ್ಟು ದೂರ ಯಾಕ ಬರ್ತೀರಿ? ನಿಮ್ಮ ಮಗ್ಗಲದ ಹುಡಗಿಯಾಗ ನಮ್ಮ ಅಂಬುಬಾಯಿ ಮಗಳು ಅದಾಳ. ಬಳ್ಳಿ ಆಕಿ ಬದುವಿನ್ಯಾಗೇ ಅದ."

ಅಂದಿನಿಂದ ದ್ರೌಪತಿ ವಾರಕ್ಕೊಮ್ಮೆ, ಸಂತೆಯ ದಿನ, ಒಂದು ಹಿಡಿ ಎಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಬಕ್ಕಪ್ಪನ ಮನೆಯ ಹಿತ್ತಿಲ ಬಾಗಿಲಲ್ಲಿ ಅವನ ಹೆಂಡತಿ ಮಾಣಿಕಮ್ಮನಿಗೆ ಕೊಟ್ಟು ಬರುತ್ತಿದ್ದಳು. ಮಾಣಿಕಮ್ಮ ಹೊಸ್ತಿಲ ಒಳಗೆ ನಿಂತು ಮೊರ ಚಾಚುತ್ತಿದ್ದಳು. ಎಲೆ ಮೊರಕ್ಕೆ ಬೀಳಬೇಕು, ಕೈಗಲ್ಲ. ಬಕ್ಕಪ್ಪ ನಸುಕಿನಲ್ಲಿ ಎಲೆ ಅಗಿದು, ನಾಲಿಗೆ ತಿರುಗಿ ಬರುವವರೆಗೆ ಮನೆಯಲ್ಲಿ ಕೂತು, ಆಮೇಲೆ ಪೇಟೆಗೆ ಹೋಗುತ್ತಿದ್ದ. ಕಾಲುರಿ ಕಡಿಮೆಯಾಯಿತು, ಬಾಯಾರಿಕೆ ಇಳಿಯಿತು. ಎಲೆ ಎಷ್ಟು ಕೆಲಸ ಮಾಡುತ್ತಿತ್ತು ಎಂದು ಅಳೆದವರು ಯಾರೂ ಇಲ್ಲ. ಮಾಡುತ್ತಿತ್ತು ಎಂದು ಮಾಣಿಕಮ್ಮ ಈಗಲೂ ಹೇಳುತ್ತಾಳೆ.

ದೇವಿದಾಸ ಬಾವಿ ತೋಡಿ ಮೊದಲ ಸಲ ಕಬ್ಬು ಹಾಕಿದ್ದು 1975ರಲ್ಲಿ. ಮರುವರ್ಷದ ಚಳಿಗಾಲದಲ್ಲಿ ಊರಿನ ಗಾಣದಲ್ಲಿ ಪಾಳಿ ಹಿಡಿದು ಬೆಲ್ಲ ಮಾಡಿದರು. ಬಂಗಾರದ ಬಣ್ಣ, ಮುರಿದರೆ ಸಣ್ಣ ಹರಳು. ಗಾಣದವರೇ ಸೋಜಿಗಪಟ್ಟರು. ಆ ಓಣಿಯಿಂದ ತನ್ನ ಹೆಸರಿನಲ್ಲಿ ಬೆಲ್ಲದ ಗಾಡಿ ಪೇಟೆಗೆ ಹೊರಟಿದ್ದು ಅದೇ ಮೊದಲು. ಹೊರಡುವ ಮುನ್ನ ದ್ರೌಪತಿ ಬದುವಿಗೆ ಹೋಗಿ ಎಲೆ ಕಿತ್ತಳು. ಕಬ್ಬಿನ ಕೆಲಸದ ಗಡಿಬಿಡಿಯಲ್ಲಿ ಹಿಂದಿನ ವಾರ ತಪ್ಪಿತ್ತು.

ಗಾಡಿಯನ್ನು ಅಂಗಡಿಯ ಮುಂದೆ ಮೊದಲ ಸಾಲಿನಲ್ಲಿ ನಿಲ್ಲಿಸಿ ಅವಳು ಬಕ್ಕಪ್ಪನ ಮನೆಯ ಹಿತ್ತಿಲ ಬಾಗಿಲಿಗೆ ಹೋದಳು. ಬಕ್ಕಪ್ಪನೇ ಹೊರಗೆ ಬಂದ.

"ಎಲ್ಲಿ ಹೋಗಿದ್ದಿ ತಂಗಿ? ಅಂಗಾಲು ಕೆಂಡ ತುಳದಂಗ ಆಗ್ಯಾವ."

"ಕಬ್ಬಿನಾಗ ಇದ್ದೆರಿ. ಇವತ್ತ ನಮ್ಮ ಮಾಲು ಬಂದದ. ನಿಮ್ಮ ಮುಂದೇ ಹಚ್ಚೀವಿ."

"ಭಲೇ! ನೋಡೋಣ ನಡಿ, ನಿನ್ನ ಬೆಲ್ಲ ನಿನ್ನಂಗ ಖಾರ ಅದೋ ಏನೋ," ಎಂದು ನಗುತ್ತ ಅವನು ಅಲ್ಲೇ ನಿಂತು ಎಲೆ ಬಾಯಿಗೆ ತುಂಬಿಕೊಂಡ. ದಿನಕ್ಕಿಂತ ಹೆಚ್ಚೇ ತುಂಬಿಕೊಂಡ. ಪೇಟೆ ಶುರುವಾಗಲು ಇನ್ನೂ ಹೊತ್ತಿತ್ತು.

ಆದರೆ ಆ ದಿನ ಲಾತೂರಿನ ಖರೀದಿದಾರ ಹೊತ್ತಿಗೆ ಮುಂಚೆಯೇ ಬಂದು ಕೂತಿದ್ದ. ಮಹಾರುದ್ರಪ್ಪ ಆಳು ಕಳಿಸಿದ. ಸ್ವಲ್ಪ ತಡೆಯಿರಿ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ತೊಳೆದರೆ ಎಲೆ ಬಿಟ್ಟೀತು ಎಂದುಕೊಂಡು ಬಕ್ಕಪ್ಪ ಬಾಯಿ ತೊಳೆದುಕೊಂಡು ಹೋದ.

ಮೊದಲ ಗಾಡಿ ದೇವಿದಾಸನದು. ಉಳಿ ಬಿತ್ತು, ಚೂರು ಎದ್ದಿತು. ಬಣ್ಣ ನೋಡಿ ಬಕ್ಕಪ್ಪನ ಹುಬ್ಬು ಮೇಲೇರಿದ್ದನ್ನು ದ್ರೌಪತಿ ಕಂಡಳು. ಅವನು ಚೂರನ್ನು ಬಾಯಿಗೆ ಹಾಕಿಕೊಂಡ. ಮತ್ತೆ, ಏನೋ ಕಚ್ಚಿದಂತೆ ಮುಖ ಕಿವುಚಿ, ಉಗುಳಿಬಿಟ್ಟ.

ಬಕ್ಕಪ್ಪ ಉಗುಳಿದ್ದನ್ನು ಅಲ್ಲಿದ್ದ ಯಾರೂ ಅದುವರೆಗೆ ಕಂಡಿರಲಿಲ್ಲ.

"ಏನೋ ಬಕ್ಕಪ್ಪ?" ಮಹಾರುದ್ರಪ್ಪ ಗಾದಿಯಿಂದಲೇ ಕೇಳಿದ.

"ಉಪ್ಪು," ಎಂದ ಬಕ್ಕಪ್ಪ.

"ಹಳ್ಳದ ದಂಡಿ ಹೊಲ ಅಲ್ಲೇನು. ಸವಳು ಇರೋದೇ. ಮುಂದಿನ ಗಾಡಿ ನೋಡು."

ಮುಂದಿನ ಗಾಡಿ ಒಬ್ಬ ಗೌಡರದು. ಬಕ್ಕಪ್ಪ ಅದರ ಚೂರನ್ನೂ ಬಾಯಿಗೆ ಹಾಕಿಕೊಂಡ. ಅದೂ ಮಣ್ಣು, ಅದೂ ಉಪ್ಪು. ನಾಲಿಗೆ ಇನ್ನೂ ತಿರುಗಿ ಬಂದಿಲ್ಲ ಎಂದು ಅವನಿಗೆ ತಿಳಿದದ್ದು ಆಗ. ಅವನು ಅದನ್ನು ನುಂಗಿದ. ಒಂದನೇ ನಂಬರ್ ಎಂದ. ಉಳಿದ ಗಾಡಿಗಳನ್ನು ಕಣ್ಣಲ್ಲಿ ನೋಡಿ, ಚೂರನ್ನು ತುಟಿಗೆ ಮುಟ್ಟಿಸಿ ದರ್ಜೆ ಹೇಳಿದ. ದೇವಿದಾಸನ ಗಾಡಿಯ ಕಡೆಗೆ ತಿರುಗಲಿಲ್ಲ.

ಜಾತಿ ನೋಡಿ ಉಗುಳಿದ ಎಂದು ಅವರ ಓಣಿಯವರು ಹಲ್ಲು ಕಡಿದರು. ಮಚ್ಚೇಂದ್ರ ಎಂಬ ದಾಯಾದಿ ನಾಲ್ಕು ಮಂದಿಯನ್ನು ಕರೆದುಕೊಂಡು ಅಂಗಡಿಯ ಮುಂದೆ ಧರಣಿ ಕೂರೋಣ ಎಂದ. ದ್ರೌಪತಿ ಅದನ್ನು ಒಪ್ಪಲಿಲ್ಲ. ಅವಳು ಬಕ್ಕಪ್ಪನ ಹಲ್ಲಿನ ಸಂದಿಯಲ್ಲಿ ಹಸಿರು ಕಂಡಿದ್ದಳು. ಮನೆಗೆ ಬಂದು ಒಂದು ಎಲೆ ಅಗಿದು ತನ್ನ ಬೆಲ್ಲವನ್ನು ಬಾಯಿಗೆ ಹಾಕಿಕೊಂಡಳು. ಮಣ್ಣು, ಉಪ್ಪು. ಹೊತ್ತು ಬಿಟ್ಟು ಇನ್ನೊಂದು ಚೂರು ಹಾಕಿಕೊಂಡಳು. ಅಂಥ ಸಿಹಿಯನ್ನು ಅವಳು ಅದುವರೆಗೆ ತಿಂದಿರಲಿಲ್ಲ.

ಮರುದಿನ ಹಿತ್ತಿಲ ಬಾಗಿಲಲ್ಲಿ ಕೇಳಿದಳು. "ಅಣ್ಣಾ, ನೀವು ಎಲಿ ತಿಂದು ಬಂದಿದ್ರಿ. ಖರೇ ಹೇಳ್ರಿ."

ಬಕ್ಕಪ್ಪ ಇಲ್ಲ ಎನ್ನಲಿಲ್ಲ. "ಮೆಲ್ಲಕ ಮಾತಾಡು ತಂಗಿ. ಮುಂದಿನ ಸಂತಿಗಿ ಮತ್ತೊಂದ್ ಪೆಂಟಿ ತಗೊಂಡು ಬಾ. ತಿಂದು ನೋಡಿ ಹೇಳ್ತೀನಿ. ಮುಗೀತು."

ಅವಳು ತಂದಳು. ಪೇಟೆ ತುಂಬಿತ್ತು. ಪೆಂಟೆಯನ್ನು ತಲೆಯಿಂದ ಇಳಿಸಿ ಅಂಗಡಿಯ ಮೆಟ್ಟಿಲ ಮೇಲಿಟ್ಟಳು. ಯಾರೋ ಕೂಗಿದರು. "ಏ ಬಕ್ಕಪ್ಪ, ಹೋದ ವಾರ ಉಗುಳಿದ್ದಿ, ಈ ವಾರ ಏನು ಪ್ರಸಾದ ಅಂತೀಯೇನು?" ನಗು ಎದ್ದಿತು. ಇನ್ನೊಬ್ಬ ರೈತ ನಗಲಿಲ್ಲ. "ಅವತ್ತಿಂದು ತಪ್ಪಂದ್ರ, ಹೋದ ವರ್ಷ ನನ್ನ ಮಾಲು ಎರಡನೇ ನಂಬರ್ ಅಂದಿದ್ಯಲ್ಲ, ಅದೂ ತಪ್ಪೇನು? ಅದನ್ನೂ ತಿರುಗಿ ನೋಡ್ತೀಯೇನು?" ಮಹಾರುದ್ರಪ್ಪ ಗಾದಿಯ ಮೇಲೆ ನೆಟ್ಟಗೆ ಕೂತ.

ಬಕ್ಕಪ್ಪ ಚೂರನ್ನು ಬಾಯಿಗೆ ಹಾಕಿಕೊಂಡ. ಅವತ್ತು ಹಲ್ಲಿನಲ್ಲಿ ಹಸಿರಿರಲಿಲ್ಲ. ಅವನ ಕಣ್ಣುಗಳು ಒಂದು ಕ್ಷಣ ಮುಚ್ಚಿದವು. ಗಂಟಲು ಏರಿ ಇಳಿಯಿತು. ಅವನು ಅದನ್ನು ನುಂಗಿದ್ದ.

"ಸವಳು ಅದ," ಎಂದ.

ದ್ರೌಪತಿ ಪೆಂಟೆಯನ್ನು ತಿರುಗಿ ತಲೆಯ ಮೇಲಿಟ್ಟುಕೊಂಡಳು. "ಮೊದಲನೇದ್ದು ಎಲಿ ಆಡಿದ ಮಾತು," ಎಂದು ಅವಳು ಹತ್ತು ವರ್ಷಗಳ ನಂತರವೂ ಅದೇ ದನಿಯಲ್ಲಿ ಹೇಳುತ್ತಾಳೆ. "ಎರಡನೇದ್ದು ಮನುಷ್ಯಾ ಆಡಿದ್ದು."

ಆಗಲೇ ಅವನ ಗುಟ್ಟನ್ನು ಅಲ್ಲೇ ಒಡೆಯಬಹುದಿತ್ತು. ಯಾಕೆ ಒಡೆಯಲಿಲ್ಲ ಎಂದು ಕೇಳಿದರೆ ಅವಳು ಮುಖ ತಿರುಗಿಸುತ್ತಾಳೆ. "ನಾ ಹೇಳಿದ್ರ ಯಾರು ನಂಬ್ತಿದ್ರು? ನಂದು ಬೆಲ್ಲನೂ ಸುಳ್ಳಾಗಿತ್ತು."

ಆ ಹೊಲಕ್ಕೆ ಸವಳು ಹೊಲ ಎಂಬ ಹೆಸರು ಅಂಟಿತು. ದ್ರೌಪತಿ ಬೆಲ್ಲವನ್ನು ಬಸವಕಲ್ಯಾಣಕ್ಕೆ ಒಯ್ದಳು. ಅಲ್ಲಿಯ ಅಡತಿಯವರು ಊರು ಕೇಳಿದರು, ಹೆಸರು ಕೇಳಿದರು, ಬಕ್ಕಪ್ಪ ಉಗುಳಿದ ಮಾಲೇನು ಎಂದು ಕೇಳಿದರು. ಬದ್ರುದ್ದೀನ್ ಒಬ್ಬನೇ ತಿಂದು ತಲೆದೂಗಿ, ತನ್ನ ಲೇಹ್ಯಕ್ಕೆಂದು ಎರಡು ಪೆಂಟೆ ಇಟ್ಟುಕೊಂಡ. ಅವನಲ್ಲಿಗೆ ಬರುತ್ತಿದ್ದವರಲ್ಲಿ ಅರ್ಧ ಮಂದಿ ಬೆಲ್ಲ ಬಿಟ್ಟವರು. ಉಳಿದದ್ದು ದನಗಳಿಗೆ ಹೋಯಿತು. ಮುಂದಿನ ವರ್ಷವೂ ಹಾಗೆಯೇ ಆಯಿತು.

ಇದಕ್ಕಿಂತ ಕೆಟ್ಟದ್ದು ಮನೆಯೊಳಗೆ ನಡೆಯಿತು. ದೇವಿದಾಸ ಒಂದು ದಿನ ಬೆಲ್ಲ ಬಾಯಿಗಿಟ್ಟುಕೊಂಡು, "ಹೌದಲ್ಲ, ಉಪ್ಪು ಹತ್ತತದ," ಎಂದ. ದ್ರೌಪತಿ ಅವನ ಬಾಯಿ ತೆರೆಸಿ ನೋಡಿದಳು. ಎಲೆ ತಿಂದಿರಲಿಲ್ಲ. ಇಡೀ ಪೇಟೆ ಹೇಳಿದ್ದನ್ನು ಅವನ ನಾಲಿಗೆ ಕಲಿತುಕೊಂಡಿತ್ತು. ಅವನು ಹೊಲದ ಕಡೆ ಹೋಗುವುದನ್ನೇ ಕಡಿಮೆ ಮಾಡಿದ. 1979ರಲ್ಲಿ ಮಹಾರುದ್ರಪ್ಪ ಹೇಳಿ ಕಳಿಸಿದ. ಸವಳು ನೆಲವನ್ನು ಯಾರೂ ಕೇಳುವುದಿಲ್ಲ, ಬಾವಿಗಾಗಿ ತಾನು ತೆಗೆದುಕೊಳ್ಳುತ್ತೇನೆ, ಎಂದು. ದೇವಿದಾಸ ಹೆಂಡತಿಯನ್ನು ಕೇಳದೆ ಹೆಬ್ಬೆಟ್ಟು ಒತ್ತಿ ಬಂದ.

ಎರಡನೇ ಸಲ ಬೆಲ್ಲ ತಿನಿಸಿದ ದಿನದಿಂದ ದ್ರೌಪತಿ ಎಲೆ ಒಯ್ಯುವುದನ್ನು ನಿಲ್ಲಿಸಿದ್ದಳು. ಬಕ್ಕಪ್ಪ ಮತ್ತೆ ಬಸವಕಲ್ಯಾಣಕ್ಕೆ ಹೋಗಲಿಲ್ಲ. ಹಕೀಮನ ಮೋರೆ ನೋಡುವ ಧೈರ್ಯ ಅವನಿಗಿರಲಿಲ್ಲ ಎಂದು ಹೆಂಡತಿ ಹೇಳುತ್ತಾಳೆ. ಮಾಣಿಕಮ್ಮ ತಾನೇ ಹಾಗಲದ ರಸ ಹಿಂಡಿದಳು, ನೇರಳೆ ಬೀಜ ಕುಟ್ಟಿದಳು, ಬೇವು ಅರೆದಳು. ಯಾರೋ ಹೇಳಿದರೆಂದು ಹುಣಸೆ ಮರದ ಅಣಬೆ ತರಿಸಿ ಕುದಿಸಿ ಕುಡಿಸಿದಳು. ಅದು ಯಾವ ಅಣಬೆಯೋ, ಎರಡು ದಿನ ವಾಂತಿಯಾಯಿತು. ಬಕ್ಕಪ್ಪ ಅಂಗಡಿ ಬಿಡಲಿಲ್ಲ, ನುಂಗುವುದನ್ನೂ ಬಿಡಲಿಲ್ಲ. ಉಗುಳಿದರೆ ಜನ ಆ ದಿನವನ್ನು ನೆನೆಯುತ್ತಾರೆ.

ಅವನ ಕಾಲ್ಬೆರಳು ಕಪ್ಪಾದಾಗ ಮಾಣಿಕಮ್ಮ ಹುಡಗಿಗೆ ಬಂದಳು. ಅವರ ಓಣಿಯ ಒಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ದ್ರೌಪತಿ ಹೊಸ್ತಿಲಲ್ಲಿ ನಿಂತೇ ಕೇಳಿಸಿಕೊಂಡಳು.

"ಒಂದು ಹಿಡಿ ಎಲಿ ಕೊಡವ್ವ. ಕೈ ಒಡ್ಡೀನಿ ನೋಡು," ಎಂದಳು ಮಾಣಿಕಮ್ಮ. ಮೊರ ತಂದಿರಲಿಲ್ಲ.

"ಎಲಿ ಕೊಡಾಕ ನಂದೇನೂ ತಕರಾರಿಲ್ಲಕ್ಕಾ. ಪೇಟಿಯಾಗ ನಿಂತು ಒಂದ್ ಮಾತು ಹೇಳ್ಲಿ. ಆವತ್ತೇ ಸಂಜಿಗಿ ಬಳ್ಳಿನೇ ಕಿತ್ತು ತರ್ತೀನಿ."

"ಹೇಳಿದ್ರ ಕೆಲಸ ಹೋಗ್ತದ."

"ನಮ್ಮದು ಏನು ಉಳದದ?"

ಮಾಣಿಕಮ್ಮ ಹಾಗೆಯೇ ಹೋದಳು. ತಾನು ಮಾಡಿದ್ದು ಸರಿಯೋ ಎಂದು ದ್ರೌಪತಿ ಇಂದಿಗೂ ಹೇಳುವುದಿಲ್ಲ. ಎಲೆಯೊಂದೇ ಆ ಕಾಲನ್ನು ಉಳಿಸುತ್ತಿತ್ತೋ ಇಲ್ಲವೋ; ಡಾಕ್ಟರು ಬರೆದ ಗುಳಿಗೆಗಳನ್ನು ಅವನು ಮೊದಲೇ ಬಿಟ್ಟಿದ್ದ. 1982ರಲ್ಲಿ ಸೊಲ್ಲಾಪುರದಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಬೇನೆಯ ಹೆಸರು ಪೇಟೆಗೆಲ್ಲ ತಿಳಿಯಿತು. ಮಹಾರುದ್ರಪ್ಪ ಬೇರೆಯವನನ್ನು ಇಟ್ಟುಕೊಂಡ.

ಕಳೆದುಕೊಳ್ಳಲು ಏನೂ ಉಳಿಯದಾದ ಮೇಲೆ ಬಕ್ಕಪ್ಪ ಹೇಳಲು ಬಂದ. ಮರುವರ್ಷದ ಹಂಗಾಮಿನಲ್ಲಿ ಮಾಣಿಕನಗರದ ಕಡೆಯ ಟಾಂಗಾ ಒಂದರಲ್ಲಿ ಕೂತು ಪೇಟೆಗೆ ಬಂದು, ಟಾಂಗಾದವನ ಕೈ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆ ಇಳಿದು ಕೂತ. ದ್ರೌಪತಿ ಅಲ್ಲೇ ಇದ್ದಳು. ಅವಳೂ ದೇವಿದಾಸನೂ ಆಗ ಮಹಾರುದ್ರಪ್ಪನ ಕೂಲಿಗಳು; ಅದೇ ಹೊಲದ ಕಬ್ಬಿನ ಪೆಂಟೆಗಳನ್ನು ಅವಳು ಗಾಡಿಯಿಂದ ಇಳಿಸುತ್ತಿದ್ದಳು. ಹೊಲದ ಹೆಸರು ಕೆಟ್ಟದ್ದರಿಂದ ಮಹಾರುದ್ರಪ್ಪ ಆ ಬೆಲ್ಲವನ್ನು ತನ್ನ ಬೇರೆ ಹೊಲಗಳ ಮಾಲಿನ ಜೊತೆ ಬೆರೆಸಿ, ಎರಡನೇ ನಂಬರಿನಲ್ಲಿ ಸದ್ದಿಲ್ಲದೆ ಮಾರುತ್ತಿದ್ದ.

"ಎಲ್ಲಾರೂ ಕೇಳ್ರಿ," ಎಂದ ಬಕ್ಕಪ್ಪ. "ದೇವಿದಾಸನ ಹೊಲದ ಬೆಲ್ಲ ನಾ ಉಗುಳಿದೆ. ಆವತ್ತ ನನ್ನ ನಾಲಿಗಿ ಮ್ಯಾಲ ದವಾ ಇತ್ತು. ಎರಡನೇ ಸಲ ದವಾ ಇದ್ದಿಲ್ಲ. ಅಂಥ ಬೆಲ್ಲ ನಾ ಹುಟ್ಟಿದಾಗಿಂದ ತಿಂದಿದ್ದಿಲ್ಲ. ಸುಳ್ಳು ಹೇಳಿದೆ."

ಮಹಾರುದ್ರಪ್ಪನೇ ಗಾದಿಯಿಂದ ಎದ್ದು ಬಂದ, ಮುಖ ಅರಳಿತ್ತು.

"ಭಲೇ ಬಕ್ಕಪ್ಪ! ಕೇಳಿದ್ರೇನ್ರಿ ಎಲ್ಲಾರೂ? ಲಾತೂರ್ ಸಾವುಕಾರ್ರೆ, ಕೇಳಿದ್ರೇನು? ನಮ್ಮ ಹೊಲದ ಮಾಲು ಬಕ್ಕಪ್ಪನ ಬಾಯಿಲೇ ಒಂದನೇ ನಂಬರ್."

"ನಿಮ್ಮದಲ್ರಿ, ದೇವಿದಾಸಂದು," ಎಂದ ಬಕ್ಕಪ್ಪ.

"ಈಗ ನಮ್ಮದೇ ಅಲ್ಲೇನೋ?"

ಖರೀದಿದಾರರು ಆ ಮಧ್ಯಾಹ್ನವೇ ಪೆಂಟೆಗಳನ್ನು ಬೇರೆ ಸಾಲಿನಲ್ಲಿ ಇಡಿಸಿದರು. ಇಳಿಸಿದವಳು ದ್ರೌಪತಿ. ಬಕ್ಕಪ್ಪ ಮೆಟ್ಟಿಲ ಮೇಲೆ ಕೂತೇ ಅವಳತ್ತ ನೋಡುತ್ತಿದ್ದ. ಅವಳು ಹತ್ತಿರ ಹೋಗಿ ಒಂದೇ ಮಾತು ಕೇಳಿದಳು.

"ಇದನ್ನ ಇಷ್ಟು ವರ್ಷ ಯಾರ ಸಲುವಾಗಿ ಇಟ್ಕೊಂಡಿದ್ರಿ ಅಣ್ಣಾ?"

ಅವನು ಟಾಂಗಾದವನಿಗೆ ಕೈ ಮಾಡಿ ಕರೆದ. ಅದರ ಮರುವರ್ಷ ತೀರಿಕೊಂಡ. ದ್ರೌಪತಿ ಅವನ ಮಣ್ಣಿಗೆ ಹೋಗಲಿಲ್ಲ.

ಬಳ್ಳಿ ಇನ್ನೂ ಬದುವಿನ ಮೇಲಿದೆ. ಹುಮನಾಬಾದಿನಿಂದ ಸಕ್ಕರೆ ಬೇನೆಯವರು ಕೇಳಿಕೊಂಡು ಬರುತ್ತಾರೆ. ದ್ರೌಪತಿ ಯಾರಿಗೂ ಇಲ್ಲ ಎನ್ನುವುದಿಲ್ಲ. ಡಾಕ್ಟರ ಗುಳಿಗೆ ಬಿಡಬೇಡಿ ಎಂದು ಮಾತ್ರ ಹೇಳಿ ಕಳಿಸುತ್ತಾಳೆ. ಅವಳಿಗೆ ಆ ಬೇನೆ ಇಲ್ಲ.

ಹಂಗಾಮಿನಲ್ಲಿ ಕಡಾಯಿ ಇಳಿಸಿದ ಕೂಡಲೇ ಗಾಣದವರು ಕೂಲಿಗಳಿಗೆಲ್ಲ ಕಬ್ಬಿನ ಎಲೆಯ ಮೇಲೆ ಒಂದು ಹಿಡಿ ಬಿಸಿ ಬೆಲ್ಲ ಇಕ್ಕುವುದು ಅಲ್ಲಿಯ ವಾಡಿಕೆ. ಬೇಡ ಎನ್ನುವಂತಿಲ್ಲ, ಕಡಾಯಿಗೆ ಅಪಶಕುನ. ಈ ಚಳಿಗಾಲದಲ್ಲೂ ಆ ಹೊಲದ ಬೆಲ್ಲ ಇಳಿದಾಗ ದ್ರೌಪತಿ ತನ್ನ ಪಾಲು ಕೈಗೆ ಬರುವ ಮುನ್ನ ಬದುವಿಗೆ ಹೋಗಿ ಎರಡು ಎಲೆ ಕಿತ್ತು ಅಗಿದಳು. ಪಕ್ಕದಲ್ಲಿ ಕೂತಿದ್ದ ಹೊಸ ಕೂಲಿಯವಳು ನಕ್ಕಳು.

"ಹುಚ್ಚಿದ್ದೀಯೇನು ಅತ್ತಿ? ಹಂಗ ತಿಂದ್ರ ಬೆಲ್ಲ ಮಣ್ಣಾಗ್ತದ."

"ಸಿಹಿ ಅದ ಅಂತ ನನಗ ಗೊತ್ತದ," ಎಂದಳು ದ್ರೌಪತಿ. "ವರ್ಷಾ ವರ್ಷಾ ಯಾಕ ತಿಳ್ಕೋಬೇಕು?"

ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಅಗಿಯದೆ ನುಂಗಿ, ಕೈ ಒರೆಸಿಕೊಂಡು ಕಬ್ಬಿನ ಹೊರೆಯ ಕಡೆ ಹೋದಳು.